ಮೂರನೇ ನಂಬರಿನ ಅಂಗಿ

ಶನಿವಾರ ಸಂಜೆ. ಒರೆಸ್ಟೆಸನ ಕ್ಷೌರದಂಗಡಿ.
ಬಿಳಿ ಬಟ್ಟೆ ಸುತ್ತಿಸಿಕೊಂಡು ಕುರ್ಚಿಯಲ್ಲಿ ನಾನು,
ಕತ್ತಿನ ಮೇಲೆ ಕತ್ತಿ.
ಹಿಂದೆ, ಬೆಂಚಿನ ಮೇಲೆ, ನಮ್ಮ ಕ್ಲಬ್ಬಿನ ನ್ಯಾಯಪೀಠ:

ಮಾಂಸದ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ದನದ ನಾಲಿಗೆ ಡಬ್ಬಿಗೆ ತುಂಬಿ ತುಂಬಿ
ತನ್ನದೊಂದನ್ನು ಮಾತ್ರ ಹೊರಗೆ ಉಳಿಸಿಕೊಂಡ ವಿಲ್ಮಾರ್.
ಔಷಧದಂಗಡಿಯ ಎಫ್ರಾಯಿನ್, ಯಾವುದಕ್ಕೂ ಅಳತೆ ಚಮಚ.
ಮತ್ತೆ ಆ ದೋಣಿಯವನು. ಅವನ ಮಾತು ಕೇಳಿದವರು ಕಡಿಮೆ.
ಸೋರೆಬುರುಡೆಯಲ್ಲಿ ಮಾತೆ ಸೊಪ್ಪಿನ ಬಿಸಿ ಕಷಾಯ,
ಒಂದೇ ಕೊಳವೆ, ಮೂರು ಬಾಯಿ.

ಕಾರ್ಖಾನೆ ಮುಚ್ಚಿತು, ಪ್ರಶ್ನೆ ಮುಚ್ಚಲಿಲ್ಲ:
ನಮ್ಮಲ್ಲಿ ಇದುವರೆಗೆ ಆಡಿದ ಲೆಫ್ಟ್ ಬ್ಯಾಕ್‌ಗಳಲ್ಲಿ
ಯಾರು ದೊಡ್ಡವನು?
ಗೋಲು ಹೊಡೆದವರ ಬಗ್ಗೆ ಜಗಳವಿಲ್ಲ, ಅದಕ್ಕೆ ಲೆಕ್ಕವಿದೆ.
ಆಗದೇ ಹೋದ ಗೋಲುಗಳನ್ನು
ಯಾವ ಶಾನುಭೋಗ ಬರೆದಿಟ್ಟಾನು?

‘ಬಸಿಲಿಯೊ ಒಲಿವೆರಾ,’ ಅಂದ ವಿಲ್ಮಾರ್. ‘ಐವತ್ತೆಂಟರ ಚಳಿಗಾಲ.
ಜಾರಿ ಬಂದನೆಂದರೆ ಚೆಂಡು, ಕಾಲು, ಗೆರೆಯ ಸುಣ್ಣ
ಎಲ್ಲ ಒಟ್ಟಿಗೇ ಎದ್ದು ಹೋಗುತ್ತಿದ್ದವು.’
‘ನೀನು ಕಂಡೆಯಾ?’
‘ಅಪ್ಪನ ಹೆಗಲ ಮೇಲಿದ್ದೆ.’
‘ಆ ವರ್ಷ ನಿನ್ನಪ್ಪ ಜೈಲಿನಲ್ಲಿದ್ದ.’
‘ಹಾಗಾದರೆ ಮಾವನ ಹೆಗಲು. ಹೆಗಲು ಹೆಗಲೇ.’

ಎಫ್ರಾಯಿನನ ದೇವರು ತೀತೊ ಲಾರ್ರೋಸಾ.
‘ಅವನು ಓಡಿದ್ದನ್ನು ಯಾರೂ ನೋಡಿಲ್ಲ.
ಚೆಂಡು ಬರುವ ಮುಂಚೆ ಅಲ್ಲಿ ನಿಂತಿರುತ್ತಿದ್ದ,
ಬಸ್ಸಿಗೆ ಕಾಯುವವನ ಹಾಗೆ.’

ಆಗ ಬಾಗಿಲು ತಳ್ಳಿಕೊಂಡು ದೋನ್ಯಾ ಹಸಿಂತಾ,
ತಲೆಯ ಮೇಲೆ ನಾಳೆಯ ಅಂಗಿಗಳ ಗಂಟು.
ಇಬ್ಬರೂ ಒಟ್ಟಿಗೇ: ‘ನೀನೇ ಹೇಳು!’

‘ನಾನು ಒಂದು ಆಟವನ್ನೂ ನೋಡಿಲ್ಲ,’ ಅಂದಳು,
ಗಂಟು ಇಳಿಸಿ, ಸೊಂಟ ಒತ್ತಿಕೊಳ್ಳುತ್ತಾ.
‘ಭಾನುವಾರ ಹಂಡೆಗೆ ಬೆಂಕಿ ಹಾಕುವ ದಿನ.
ನನ್ನ ಕೈಗೆ ಬಂದದ್ದು ಬಟ್ಟೆ ಮಾತ್ರ.
ಬಸಿಲಿಯೊನದು ಎಡ ಪಕ್ಕೆಯಿಂದ ಕಂಕುಳವರೆಗೆ ಕೆಸರು,
ಮೂರು ನೀರಿಗೂ ಬಿಡದು.
ಒಮ್ಮೊಮ್ಮೆ ರಕ್ತ, ಯಾರದೋ.
ತೀತೊನದು, ಮಳೆ ಹೊಯ್ದ ದಿನವೂ
ಮಡಿಸಿ ಕೊಟ್ಟ ಹಾಗೇ ವಾಪಸು.
ಪಾಪ, ಇವನನ್ನು ಆಡಿಸುತ್ತಲೇ ಇಲ್ಲ ಅಂತ
ಒಂದು ವರ್ಷ ಮರುಗಿದೆ.
ಆಮೇಲೆ ಕಾಲರ್ ನೋಡಿದೆ. ಉಪ್ಪು.
ನದಿ ಇಳಿದ ಮೇಲೆ ದಡದಲ್ಲಿ ಉಳಿಯುತ್ತದಲ್ಲ,
ಆ ಗೆರೆ.’

ಕತ್ತರಿ ಕೂಡ ಒಂದು ಗಳಿಗೆ ಬಾಯಿ ಮುಚ್ಚಿತು.

‘ಕೇಳಿದೆಯಾ? ಕೊಳೆಯಾಗದವನೇ ದೊಡ್ಡವನು!’
‘ಕೊಳೆಯಾಗದವನು ಬಿದ್ದೇ ಇಲ್ಲ ಅಂತಾಯಿತು.
ಮೀಸೆಗೆ ಮಣ್ಣು ಹತ್ತದವನು ಎಂಥ ಜಟ್ಟಿ?’
ಮತ್ತೆ ಶುರು.

ಹಸಿಂತಾ ಗಂಟಿನಿಂದ ಒಂದು ಅಂಗಿ ತೆಗೆದು
ನನ್ನ ತೊಡೆಯ ಮೇಲಿಟ್ಟಳು. ಮೂರನೇ ನಂಬರು.
‘ಮೊಣಕೈ ಹರಿದಿತ್ತು. ಹೊಲಿದಿದ್ದೇನೆ.’
ನನ್ನದರಲ್ಲಿ ನಿನಗೇನು ಕಾಣಿಸಿತು
ಎಂದು ಕೇಳಬೇಕಿತ್ತು.
ಬಾಯಿಯ ಸುತ್ತ ನೊರೆ, ಗಂಟಲ ಮೇಲೆ ಉಕ್ಕು.
ಎರಡು ವರ್ಷದಿಂದ ಆ ಎಡಮೂಲೆಯನ್ನು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ.
ಎಡವಿದ್ದು ಒಂದೇ ಸಲ.
ಊರಿಗೆ ನನ್ನ ಹೆಸರು ಗೊತ್ತಿರುವುದು ಅದರಿಂದಲೇ.
ಈ ಬೆಂಚಿನಲ್ಲಿ ಅದೂ ಬರಲಿಲ್ಲ.

ಒರೆಸ್ಟೆಸ್ ನೊರೆ ಒರೆಸಿದ. ಎದ್ದು ದುಡ್ಡು ಎಣಿಸುವಾಗ
ದೋಣಿಯವನು, ಬುರುಡೆಯಿಂದ ಕಣ್ಣೆತ್ತದೆ:

‘ನಾಳೆ ಬರುತ್ತಾನಲ್ಲ, ಹೊಳೆಯಾಚೆಯ ಹುಡುಗ,
ಬಲಗಾಲಿನವನು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು.
ನಾನು ಅವನನ್ನು ದಾಟಿಸಿದ್ದೇನೆ.
ದೋಣಿ ಅಲುಗಿದಾಗ
ಎಡಗಾಲು ಊರುತ್ತಾನೆ.’

ಅಷ್ಟು ಹೇಳಿ ಕೊಳವೆ ಕಚ್ಚಿಕೊಂಡ.

ಹೊರಗೆ ಬಂದೆ. ಬೋಳಿಸಿದ ಕತ್ತಿಗೆ ತಣ್ಣನೆ ಗಾಳಿ.
ಕಂಕುಳಲ್ಲಿ ಅಂಗಿ, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.
ಬೀದಿಯ ತಿರುವಿನತನಕವೂ ಬೆನ್ನ ಹಿಂದೆ
ಐವತ್ತೆಂಟರ ಕೆಸರು ಹಾರುತ್ತಲೇ ಇತ್ತು.