ಸಂಕ್ರಾಂತಿತನಕ ಸಣ್ಣ ಗೇರು

ಕಾರ್ತಿಕದ ಕಡೀ ರೇಸು ಹಳ್ಳಿಖೇಡದಿಂದ ಹೊಂಟಿತ್ತು.
ಮೂವತ್ತು ಕಿಲೋಮೀಟರು, ಹನ್ನೊಂದು ಹುಡುಗೇರು,
ಬೆನ್ನಿಗಿ ನಾಲ್ಕು ಪಿನ್ನು, ನಂಬರು ಇಪ್ಪತ್ಮೂರು.
ಎರಡೂ ಕಡಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತಂತ,
ಆಮ್ಯಾಲ ಯಾರೋ ಹೇಳಿದರು.
ನಾ ನೋಡಿದ್ದು ಮುಂದಿನಾಕಿ ಹಿಂದಿನ ಗಾಲಿ,
ಅದಕ್ಕ ಅಂಟಿದ ಒಂದು ಹನಿ ಡಾಂಬರು,
ಸುತ್ತಿ ಸುತ್ತಿ ಬರೋ ಒಂದು ಕರೀ ಚುಕ್ಕಿ.

ಜೂನಿನಿಂದ ಓಡಿ ಓಡಿ ಕಾಲಾಗ ಏನೂ ಉಳಿದಿದ್ದಿಲ್ಲ.
ಖರೇ ಹೇಳ್ತೀನಿ, ಉಳಿದಿತ್ತು.
ನೌಬಾದ ತಿರುವಿಗಿ ಸಾಕಾಗುವಷ್ಟು ಉಳಿದಿತ್ತು.
ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ರವದಿ
ಅಲ್ಲಿ ರಸ್ತೆ ತುಂಬ ಹರಡಿತ್ತು.
ಎಲ್ಲಾರೂ ಅದರ ಮ್ಯಾಲೇ ಹೋದರು.
ನಾ ಬ್ರೇಕ್ ಹಿಡದೆ.

ಅಷ್ಟ. ಎರಡು ಬೆರಳು, ಅರ್ಧ ಗಳಿಗಿ.
ಮೈಕಿನಾಗ ಐದನೇ ಹೆಸರು ಓದಿದರು,
ಜಗದೇವಿ ಅನ್ನೋದು ಬಿಟ್ಟು ಜಯದೇವಿ ಅಂದರು.
ನಾ ತಿದ್ದಲಿಲ್ಲ.
ಬ್ರೇಕ್ ಹಿಡಿದಾಕಿ ಜಯದೇವೀನೇ ಇರಲಿ.

ಹದಿನೈದು ದಿನ ಸೈಕಲ್ಲು ಖಾನಾವಳಿ ಹಿಂದ
ಹಿಟ್ಟಿನ ಚೀಲಕ್ಕ ಆತು ನಿಂತಿತ್ತು,
ಸೀಟಿನ ಮ್ಯಾಲ ಬೆಳ್ಳಗ ಜ್ವಾಳದ ಧೂಳು.
ನಾ ತಾಟು ತೊಳದೆ, ಪುಂಡಿಪಲ್ಯ ಬಡಿಸಿದೆ,
ಔರಾದ ಬಸ್ಸಿನ ಡ್ರೈವರಿಗೆ ಎರಡನೇ ರೊಟ್ಟಿ ಕೇಳದೇ ಹಾಕಿದೆ.
ರಾತ್ರಿ ಹಾಸಿಗ್ಯಾಗ
ಮೊಣಕಾಲು ತಾವೇ ತಿರುಗ್ತಿದ್ದವು.

ಝರೆಪ್ಪ ಸರ್ ಬಂದರು, ಜೇಬಿನಾಗ ಕೆಂಪು ಟೇಪು.
ಎಡಗಡಿ ಲಿವರಿಗೆ ಮೂರು ಸುತ್ತು ಸುತ್ತಿ ಹಲ್ಲಿಲೆ ಕಡದರು.
"ದೊಡ್ಡ ಗೇರು ಸಂಕ್ರಾಂತಿತನಕ ಬಂದ್.
ನಿಮಿಷಕ್ಕ ತೊಂಬತ್ತು ಸುತ್ತು ತುಳಿ, ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ.
ಯಾರರೇ ಮುಂದ ಹೋದರ ಹೋಗಲಿ."
ಮೀಟರ್ ಇಲ್ಲಲ್ಲ ಸರ್, ತೊಂಬತ್ತು ಹ್ಯಾಂಗ ತಿಳೀಬೇಕು?
ಅವರು ಒಳಗ ಕಿವಿ ಕೊಟ್ಟರು.
ಅಡಗಿಮನ್ಯಾಗ ಅವ್ವ ರೊಟ್ಟಿ ಬಡೀತಿದ್ದಳು.
ಗಡಿಯಾರ ನೋಡಿಕೋತ ಎಣಿಸಿದರು, ತುಟಿ ಅಷ್ಟ ಅಲುಗಿತು.
"ಎಂಬತ್ತೆಂಟು," ಅಂದರು. "ಎರಡು ನೀ ಕೂಡಿಸ್ಕೋ."

ಈಗ ನಸುಕಿನ ಐದಕ್ಕ ಜನವಾಡ ರಸ್ತೆ.
ಬೀದರಿನ ಥಂಡಿ ಮದ್ಲ ಕಿವಿಗಿ ಬರ್ತದ,
ಆಮ್ಯಾಲ ಬೆರಳಿಗಿ, ಆಮ್ಯಾಲ ನೆಪ್ಪಿಗಿ.
ಅಣ್ಣನ ಹಳೇ ಸ್ವೆಟರಿನೊಳಗ ನಿನ್ನಿನ ಪೇಪರು ತುರುಕೀನಿ,
ಎದೀ ಮ್ಯಾಲ ಯಾರದೋ ಶ್ರದ್ಧಾಂಜಲಿ, ಯಾವುದೋ ಟೆಂಡರು
ಸರಸರ ಅಂತಾವ.
ಇಳಿಜಾರು ಮುಗದು ಏರು ಸುರು ಆಗೂದ್ರಾಗ
ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕ ಒಬ್ಬ
ಅಟ್ಲಾಸ್ ಸೈಕಲ್ ಮ್ಯಾಲ ನನ್ನ ದಾಟಿದ.
"ಯಾಕವ್ವಾ, ಪಂಚರ್ ಏನು?"
ಕಾಲಿಗಿ ಸಿಟ್ಟು ಬಂತು. ಬೆರಳು ಟೇಪಿನತನಕ ಹೋಗಿ
ಅದರ ಅಂಚು ಮುಟ್ಟಿ
ವಾಪಸ್ ಬಂತು.
ಬಡಿ, ತಿರುಗಿಸು. ಬಡಿ, ತಿರುಗಿಸು.
ಮುದುಕನ ಕ್ಯಾನಿನ ಖಣಖಣ ಮಂಜಿನಾಗ ಕರಗಿತು.

ಮಂಜು ಹರಿದ ಮ್ಯಾಲ ಕಲಿಯೋ ಹುಡುಗರ ವಿಮಾನ,
ಇನ್ನೇನು ಇಳೀತು ಅನ್ನೂದ್ರಾಗ ಮತ್ತ ಏರ್ತಾವ.
ದಿನಾ ಅದೇ ಸುತ್ತು.
ಅವರಿಗೂ ಯಾರೋ ಎಲ್ಲೋ ಟೇಪು ಸುತ್ತಿರಬೇಕು.

ಸರ್ ಹೇಳಿದ ದಾರಿ ಅಲ್ಲ, ಆದರೂ
ಹೊಳ್ಳಿ ಬರುವಾಗ ದಿನಾ ನೌಬಾದಿನ ಮ್ಯಾಲಿಂದ ಬರ್ತೀನಿ.
ಕಾರ್ಖಾನಿ ಸುರು ಆಗ್ಯಾದ, ರಸ್ತೆಗಿ ಬೆಲ್ಲದ ವಾಸನಿ,
ತಿರುವಿನಾಗ ದಿನಾ ಹೊಸಾ ರವದಿ.
ಮೈಕಿಲ್ಲ, ನಂಬರಿಲ್ಲ, ನೋಡೋರು ಯಾರೂ ಇಲ್ಲ,
ಚಾದಂಗಡಿ ಚಾಂದಪಾಷಾನ ನಾಯಿ ಒಂದು ಬಿಟ್ಟು.
ಮುಂದಿನ ಗಾಲಿ ಅದರ ಮ್ಯಾಲ ಹತ್ತಿತು,
ಒಂಚೂರು ಜಾರಿತು, ಹೊಟ್ಟಿ ಹಿಂಡಿತು,
ಗಾಲಿ ಮತ್ತ ನೆಲ ಹಿಡೀತು.

ಇವತ್ತು ಒಂದೇ ಬೆರಳು ಹಿಡದೆ.
ಇನ್ನೊಂದು ಜಯದೇವೀದು.
ಅಕಿ ತನ್ನ ಮನಿಗಿ ಹೋಗಲಿಕ್ಕ ಟೈಮ್ ಅದ,
ಇನ್ನೂ ಎಳ್ಳಮಾವಾಸಿನೇ ಆಗಿಲ್ಲ.