ಬಿಟ್ಟ ಸ್ಥಳ

ಕಚೇರಿಯ ನಮೂನೆಯಲ್ಲಿ ನಾಲ್ಕು ಅಂಕಣ.
ಆಧುನಿಕ ಜಗತ್ತಿನ ಇತಿಹಾಸ, ಎಂಟನೆಯ ತರಗತಿ,
ಘಟಕ ಏಳು: ಯುದ್ಧ ಮುಗಿದ ಯುರೋಪು.
ಅವಧಿ, ನಲವತ್ತೈದು ನಿಮಿಷ.
(ಇಸವಿಯೂ ನಲವತ್ತೈದೇ. ನಗು ಬರಲಿಲ್ಲ.)

ಈ ಪಾಠದ ಕೊನೆಗೆ ವಿದ್ಯಾರ್ಥಿಯು
ಎಂದು ಶುರುವಾಗುತ್ತದೆ ಸಾಲು,
ಅಲ್ಲಿಂದಾಚೆಗೆ ಚುಕ್ಕಿ, ಚುಕ್ಕಿ, ಚುಕ್ಕಿ.
ಅಡಿಯಲ್ಲಿ ಸಣ್ಣಕ್ಷರದ ಅಪ್ಪಣೆ:
ಅಳೆಯಬಹುದಾದ ಕ್ರಿಯಾಪದಗಳನ್ನೇ ಬಳಸತಕ್ಕದ್ದು.
ಗುರುತಿಸುವನು, ಸರಿ.
ಪಟ್ಟಿ ಮಾಡುವನು, ಹೋಲಿಸುವನು, ಸರಿ.
ಅರಿಯುವನು, ಕೂಡದು.
ಅರಿವಿಗೆ ಅಳತೆಗೋಲಿಲ್ಲವಂತೆ.

ಇಪ್ಪತ್ತಾರು ವರ್ಷ ಹೀಗೇ ತುಂಬಿದ್ದೇನೆ.
ವ್ಯೆಸ್ವಾವಾ ಮೇಡಂ ಬರವಣಿಗೆ ಮುತ್ತು ಪೋಣಿಸಿದಂತೆ
ಎನ್ನುತ್ತಾರೆ ಹೆಡ್‌ಮಾಸ್ತರು,
ಓದದೆ ಸಹಿ ಹಾಕುತ್ತಾರೆ.

ಹೊಸ ಗಡಿಯನ್ನು ಗುರುತಿಸುವನು.
ಗುರುತಿಸಿದರು, ಓಡ್ರಾ ನದಿಯ ಮೇಲೆ ಕೆಂಪು ಪೆನ್ಸಿಲು ಎಳೆದು.
ಗೆರೆ ಜರುಗಿತು, ಊರು ಜರುಗಲಿಲ್ಲ,
ಊರಿನವರು ಜರುಗಿದರು.
ಇಷ್ಟಕ್ಕೆ ಪುಸ್ತಕದಲ್ಲಿ ಒಂದು ಪುಟ, ಒಂದು ನಕ್ಷೆ,
ಕೊನೆಗೆ, ಬಿಟ್ಟ ಸ್ಥಳ ತುಂಬಿರಿ.

ಬಿಟ್ಟ ಸ್ಥಳ.
ನಮ್ಮೂರೇ ಅದು.
ಬಿಟ್ಟವರು ಜರ್ಮನರು, ಕೈಗೆಷ್ಟು ಹಿಡಿಸಿತೋ ಅಷ್ಟು ಹೊತ್ತು.
ತುಂಬಿದವರು ನಾವು, ದನದ ವ್ಯಾಗನ್ನುಗಳಲ್ಲಿ
ಮೂಡಣದಿಂದ ಬಂದವರು,
ನಾವೂ ಒಂದು ಸ್ಥಳ ಬಿಟ್ಟೇ ಬಂದವರು.
ಸರಿಯುತ್ತರಕ್ಕೆ ಒಂದು ಅಂಕ.

ಮನೆಯಿಂದ ಹಳೆಯದೊಂದು ವಸ್ತು ತನ್ನಿ ಎಂದಿದ್ದೆ.
ಯಾಗ್ನಾ ತಂದಳು ಹೊಲಿಗೆಯಂತ್ರದ ಚಕ್ರ, ಬರೀ ಚಕ್ರ;
ಉಳಿದದ್ದು ಯಾವುದೋ ನಿಲ್ದಾಣದಲ್ಲಿ ಬ್ರೆಡ್ಡಿಗೆ ಹೋಯಿತು.
ಇಗ್ನಾತ್ಸಿ ಬರಿಗೈ:
ನಮ್ಮ ಫ್ಲ್ಯಾಟು ನನಗಿಂತ ಚಿಕ್ಕದು ಮೇಡಂ, ಹಳೆಯದು ನಾನೇ.
ಟಿಮೊನ್ ಎರಡೂ ಕೈಯಲ್ಲಿ ಹಿಡಿದು ತಂದ
ಪಿಂಗಾಣಿಯ ಡಬ್ಬಿ,
ಬಿಳಿಯ ಮೇಲೆ ನೀಲಿ ಜರ್ಮನ್ ಅಕ್ಷರ: ಝಾಲ್ಟ್ಸ್.

ಅವನ ಮುತ್ತಜ್ಜಿ ಬಂದಿಳಿದಾಗ
ಮನೆಯೊಡತಿ ಇನ್ನೂ ಹೊರಟಿರಲಿಲ್ಲ.
ಮೂರು ತಿಂಗಳು ಒಂದೇ ಒಲೆ, ಎರಡು ಪಾತ್ರೆ,
ಒಬ್ಬರ ಮಾತು ಒಬ್ಬರಿಗೆ ಬಾರದು,
ಬಂದಿದ್ದರೂ ಆಡುತ್ತಿದ್ದರೋ ಇಲ್ಲವೋ.
ಹೊರಡುವ ಬೆಳಗ್ಗೆ ಆಕೆ
ಡಬ್ಬಿಯ ಉಪ್ಪನ್ನೆಲ್ಲ ಕರವಸ್ತ್ರಕ್ಕೆ ಸುರಿದು ಗಂಟುಕಟ್ಟಿ
ಡಬ್ಬಿ ತೊಳೆದು, ಒರೆಸಿ, ಬೋರಲು ಹಾಕಿ ಹೋದಳಂತೆ.
ಉಪ್ಪಿನ ಋಣ ಉಳಿಯಬಾರದೆಂದೋ,
ದಾರಿಗೆ ಬೇಕಾದೀತೆಂದೋ,
ಸಿಟ್ಟಿಗೋ.
ಕಾರಣಗಳನ್ನು ಪಟ್ಟಿ ಮಾಡಿರಿ.

ಈಗ ಒಳಗೇನಿದೆ ಹೇಳಿ ನೋಡುವಾ, ಎಂದ ಟಿಮೊನ್.
ಎರಡನೆಯ ಭಾಷೆಯಾಗಿ ಜರ್ಮನ್ ಕಲಿಯುವ ತರಗತಿ.
ಇಪ್ಪತ್ತೆರಡು ಕೈ ಎದ್ದವು ಒಮ್ಮೆಗೇ.
ಉಪ್ಪು ಮೇಡಂ, ಉಪ್ಪು. ಬರೆದೇ ಇದೆಯಲ್ಲ.

ಝ್ಲಾತಾ ಕೈಯೆತ್ತಲಿಲ್ಲ.
ಹೋದ ವರ್ಷ ಹಾರ್ಕಿವ್‌ನಿಂದ ಬಂದ ಹುಡುಗಿ,
ಪೆನ್ಸಿಲು ಚೀಲದ ಜಿಪ್ಪಿಗೆ ಮನೆಯ ಬೀಗದ ಕೈ ಕಟ್ಟಿಕೊಂಡವಳು,
ನಿಮ್ಮ ಮನೆತನ ಬಂದ ದಾರಿಗೆ ಬಾಣ ಎಳೆಯಿರಿ ಎಂದಾಗ
ಗೆರೆ ಎಳೆದು, ಮೊನೆ ಹಾಕದೆ ಬಿಟ್ಟವಳು.
(ಅರ್ಧ ಅಂಕ ಕಳೆದಿದ್ದೆ. ನಾನೇ.)
ಎದ್ದು ಬಂದಳು.
ಅಕ್ಷರದ ಕಡೆ ನೋಡಲಿಲ್ಲ.
ಮುಚ್ಚಳ ತೆಗೆದಳು, ಬೆರಳದ್ದಿದಳು, ನಾಲಗೆಗಿಟ್ಟಳು.
ಏನೂ ಹೇಳಲಿಲ್ಲ.
ಮತ್ತೊಮ್ಮೆ ಬೆರಳದ್ದಿದಳು.

ಗಂಟೆ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಹೀಟರಿಗೆ ಬೆನ್ನು ಕೊಟ್ಟು ಕೂತಿದ್ದೇನೆ.
ಈ ಪಾಠದ ಕೊನೆಗೆ ವಿದ್ಯಾರ್ಥಿಯು, ಚುಕ್ಕಿ, ಚುಕ್ಕಿ.
ರುಚಿ ನೋಡುವಳು, ಎಂದು ಬರೆದೆ.
ಹೊಡೆದುಹಾಕಿದೆ.
ಓದಿದ್ದನ್ನು ನಂಬುವ ಮೊದಲು, ಎಂದು ಸೇರಿಸಿದೆ,
ಅಂಕಣ ಸಾಲಲಿಲ್ಲ.
ಎಲ್ಲ ಅಳಿಸಿ, ಆ ಎರಡೇ ಪದ ಮತ್ತೆ ಬರೆದೆ, ಪೆನ್ಸಿಲಿನಲ್ಲಿ.
ಹೇಗೂ ಓದುವುದಿಲ್ಲ ಅವರು.

ಬಾಗಿಲಲ್ಲಿ ಟಿಮೊನ್, ಕೋಟಿನ ಗುಂಡಿ ಮೇಲೆಕೆಳಗೆ ಹಾಕಿಕೊಂಡು.
ಮೇಡಂ, ಆ ಡಬ್ಬಿ.
ಅಮ್ಮ ಕಾಯ್ತಿದ್ದಾಳೆ,
ಚಹಾಕ್ಕೆ ಸಕ್ಕರೆಯಿಲ್ಲ.