ರಿವರ್ಸ್ ಇಲ್ಲದ ಕಾರು

ನಿಲ್ಲಿಸುವಾಗ ಇಳಿಜಾರು ಹುಡುಕಬೇಕು,
ಮೂತಿ ಕೆಳಗಿರಬೇಕು, ಎದುರಿಗೆ ಗೋಡೆ ಇರಬಾರದು.
ಕೊಡಗಿನಲ್ಲಿ ಇಳಿಜಾರಿಗೇನೂ ಬರವಿಲ್ಲ,
ಆದರೂ ಗೋಣಿಕೊಪ್ಪದ ಸಂತೆಯ ದಿನ
ನಾನೂ ಪಳಂಗಪ್ಪನೂ ಅರ್ಧ ಗಂಟೆ ಸುತ್ತುತ್ತೇವೆ,
ಎರಡು ಕಿಲೋ ಈರುಳ್ಳಿಗೆ.

ಎರಡೇ ಸೀಟು. ತಲೆಯ ಮೇಲೆ ಏನೂ ಇಲ್ಲ.
ಮೈಯೆಲ್ಲ ಫೈಬರ್. ಅಮ್ಮತ್ತಿಯ ಗುಜರಿಯವನು
ಬೆರಳ ಗೆಣ್ಣಿನಿಂದ ಟಕ್ ಟಕ್ ತಟ್ಟಿ
‘ಇದರಲ್ಲಿ ಕಬ್ಬಿಣವೇ ಇಲ್ಲವಲ್ಲ ಅಕ್ಕ’ ಎಂದು
ಚಹಾ ಕುಡಿದು ಹೋದ.

ಬಾನೆಟ್ ಸೀಳಿದಾಗ ಕೂಡಿಸಿದವನು
ಮಡಿಕೇರಿಯ ದಸರಾ ಮಂಟಪಕ್ಕೆ ರಾಕ್ಷಸರನ್ನು ಮಾಡುವ ಜನಾರ್ದನ.
ಮಹಿಷನಿಗೆ ಮೀಸೆ ಕೂರಿಸಿ ಮಿಕ್ಕ ಅಂಟಿನಲ್ಲಿ
ನಮ್ಮ ಕಾರಿನ ಹಣೆ ಬೆಸೆದ.
ಸಂಜೆ ಬಿಸಿಲು ಓರೆಯಾಗಿ ಬಿದ್ದರೆ ಈಗಲೂ
ಎಡ ಹುಬ್ಬು ಸ್ವಲ್ಪ ಗಂಟಿಕ್ಕಿದ ಹಾಗೆ.
ಕ್ಲಚ್ ಕೇಬಲ್ ಆಟೋರಿಕ್ಷಾದ್ದು. ಕನ್ನಡಿ ಯಾವುದೋ ಸ್ಕೂಟರಿನದು.
ಹಾರ್ನು, ವಿರಾಜಪೇಟೆಯ ಮೊಯ್ದು ತನ್ನ ಜೀಪಿನಿಂದ ಬಿಚ್ಚಿಕೊಟ್ಟದ್ದು.
ದುಡ್ಡು ಕೇಳಲಿಲ್ಲ,
ವಾರಕ್ಕೊಮ್ಮೆ ಬಂದು ಒತ್ತಿ ಹೋಗುತ್ತಾನೆ.

‘ಮೊದಲಿನ ಕಾರು ಇದರಲ್ಲಿ ಎಷ್ಟು ಉಳಿದಿದೆ ಹೇಳು’
ಎಂದಳು ನಾದಿನಿ ಬೊಳ್ಳವ್ವ,
ಮೊಣಕಾಲಿನ ಕೀಲು ಬದಲಿಸಿಕೊಂಡು ಬಂದ ಹೊಸತರಲ್ಲಿ.
ನಾನು ಅವಳ ಕಾಲು ನೋಡಿದೆ.
ಇಬ್ಬರಿಗೂ ನಗು ತಡೆಯಲಿಲ್ಲ.

ನಾನು ಇದನ್ನು ಓಡಿಸಿದವಳಲ್ಲ, ಓದಿದವಳು.
ರ‍್ಯಾಲಿಯ ದಿನಗಳಲ್ಲಿ ಅವನ ಕೈಗೆ ಸ್ಟೇರಿಂಗು,
ನನ್ನ ತೊಡೆಯ ಮೇಲೆ ನೋಟ್‌ಬುಕ್ಕು:
ಬಲಕ್ಕೆ ನಾಲ್ಕು, ಕಲ್ಲಿದೆ, ಒಳಗೆ ಕೊಯ್ಯಬೇಡ,
ನೂರು ನೇರ, ಎಡಕ್ಕೆ ಎರಡು, ಬಿಗಿ, ಬಿಗಿ...
ಮನೆಯಲ್ಲಿ ನನ್ನ ಮಾತು ಒಂದನ್ನೂ ಕೇಳದ ಗಂಡಸು
ಅಲ್ಲಿ ಅಕ್ಷರ ಬಿಡದೆ ಕೇಳುತ್ತಿದ್ದ.
ಕಪ್ಪು ಗೆದ್ದದ್ದಿಲ್ಲ. ಒಮ್ಮೆ ಏಳನೆಯವರು.

ಬಾನೆಟ್ ಸೀಳಿದ್ದು ಹುದಿಕೇರಿಯ ಮೋರಿಯಲ್ಲಿ,
ನಾನು ಎರಡು ಹಾಳೆ ಒಟ್ಟಿಗೆ ಮಗುಚಿದ್ದರಿಂದ.
ದನ ಅಡ್ಡ ಬಂತು, ಅಂದ ಎಲ್ಲರಿಗೂ.
ಇಪ್ಪತ್ತಮೂರು ವರ್ಷವಾಯಿತು,
ಆ ದನದ ಬಣ್ಣ ಕೂಡ ಹೇಳುತ್ತಾನೆ ಈಗ: ಕಂದು, ಕೊಂಬು ಒಂದೇ.

ರಿವರ್ಸ್ ಕೆಟ್ಟ ವರ್ಷ ತಿತಿಮತಿಯ ತಿರುವಿನಲ್ಲಿ ಒಂಟಿ ಸಲಗ.
ಹಿಂದೆ ಸರಿಯುವಂತಿಲ್ಲ. ಎಂಜಿನ್ ತಾನಾಗಿ ಆರಿತು,
ಜಾಣತನವೋ ಕಾಯಿಲೆಯೋ.
ಸೊಂಡಿಲು ಚಾಚಿ ಆ ಗಂಟಿಕ್ಕಿದ ಹುಬ್ಬನ್ನೇ ಮೂಸಿತು,
ಬಿಸಿ ತಾಗಿತೇನೋ, ಕಾಡಿಗೆ ಇಳಿಯಿತು.
ಪಳಂಗಪ್ಪ ಕತೆ ಹೇಳಿದಂತೆಲ್ಲ ಆನೆ ಒಂದೊಂದಡಿ ಹತ್ತಿರ ಬರುತ್ತದೆ;
ಈಚೆಗೆ ನನ್ನ ಮಡಿಲಲ್ಲೇ ಕೂತಿದೆ.

ಬೊಳ್ಳವ್ವನ ಮಗನ ಹೊಸ ಕಾರಿನಲ್ಲಿ ಪಾಲಿಬೆಟ್ಟಕ್ಕೆ ಹೋದೆ.
ಗಾಜು ಏರಿಸಿದ್ದ. ಕಾಫಿ ಹೂವರಳಿ ಮೂರನೇ ದಿನ,
ಎರಡೂ ಬದಿ ಬೆಳ್ಳಗೆ, ಟಿವಿಯಲ್ಲಿ ಕಂಡ ಹಾಗೆ.
ನಮ್ಮದರಲ್ಲಾಗಿದ್ದರೆ ಆ ವಾಸನೆಗೆ ತಲೆನೋವೇ ಬರುತ್ತಿತ್ತು,
ಕೂದಲೊಳಗೆ ಜೇನುಹುಳು ಸಿಕ್ಕಿ ನಾನು ಕಿರುಚುತ್ತಿದ್ದೆ,
ಹೊಳೆ ಬಂತೆಂದು ಪಾದಕ್ಕೆ ಮೊದಲು ತಿಳಿಯುತ್ತಿತ್ತು:
ತಳದ ತೂತಿನಿಂದ ತಣ್ಣಗೆ.

ಮೊನ್ನೆ ಕೊಳ್ಳಲು ಬಂದ, ಸುಂಟಿಕೊಪ್ಪದ ಹುಡುಗ, ಡೆನ್ಜಿಲ್.
ಕವರಿನಲ್ಲಿ ನಗದು. ಪಳಂಗಪ್ಪ ಬೇಡವೆನ್ನಲಿಲ್ಲ,
ಇದರ ರೋಗಗಳನ್ನೆಲ್ಲ ಒಂದೊಂದಾಗಿ ಹೇಳಿದ,
ಮಗಳ ಅಂಕಪಟ್ಟಿ ಓದುವ ದನಿಯಲ್ಲಿ.
ಹುಡುಗ ಕವರು ಜೇಬಿಗಿಟ್ಟು
ಒಂದು ಸಲ ಕೂತು ನೋಡಲೇ ಎಂದ.
ಕೂತ. ಸುಮಾರು ಹೊತ್ತು ಏನೂ ಮುಟ್ಟಲಿಲ್ಲ.

ಮುಂದಿನ ಭಾನುವಾರ ಪೇಪರಿನಲ್ಲಿ ಸುತ್ತಿ ಒಂದು ಹಲ್ಲುಚಕ್ರ ತಂದ,
ರಿವರ್ಸಿಗೆ ಹೊಂದಬಹುದೆಂದು.
ಮೊಯ್ದು ಕಾರಿನಡಿಯಿಂದಲೇ ಕೈ ಚಾಚಿದ, ತಿರುಗಿಸಿ ನೋಡಿದ,
ಎರಡು ಹಲ್ಲು ಹೆಚ್ಚಿತ್ತು.
ಹುಡುಗ ಹೋಗಲಿಲ್ಲ. ಅಂಗಿಯ ತೋಳು ಮಡಚಿ
ಹತ್ತನೇ ನಂಬರಿನ ಸ್ಪ್ಯಾನರ್ ಎಲ್ಲಿ ಎಂದು
ನನ್ನನ್ನು ಕೇಳಿದ.